ಕ್ರಿಯಾಪದಕ್ಕೆ ಅಂಟಿದ ವಾಕ್ಯ: ಸ್ಪ್ಯಾನಿಷ್‌ನ 'ದಾಮೆಲೊ' ಬಿಡಿಸುವ ಬಗೆ

'ದಾಮೆಲೊ' ಎಂಬ ಪದವನ್ನು ಯಾವ ಸ್ಪ್ಯಾನಿಷ್ ನಿಘಂಟಿನಲ್ಲಿ ಹುಡುಕಿದರೂ ಸಿಗುವುದಿಲ್ಲ. 'ದೀಸೆಲೊ' ಸಿಗುವುದಿಲ್ಲ, 'ಬಾಮೊನೊಸ್' ಸಿಗುವುದಿಲ್ಲ. ಆದರೆ ಸ್ಪ್ಯಾನಿಷ್ ಮಾತನಾಡುವ ಯಾವ ಮನೆಗೆ ಹೋದರೂ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಪದಗಳು ಇವೇ. ಕಲಿಯುವವರು ಇಲ್ಲಿ ಎಡವುತ್ತಾರೆ. ಒಂದೊಂದನ್ನೂ ಹೊಸ ಪದವೆಂದು ತಿಳಿದು ಬಾಯಿಪಾಠ ಮಾಡಲು ಹೊರಟು ದಣಿಯುತ್ತಾರೆ. ಇವು ಹೊಸ ಪದಗಳಲ್ಲ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಪೂರ್ತಿ ವಾಕ್ಯಗಳು.

ಬಿಡಿಸಿ ನೋಡೋಣ. 'ದಾ' ಎಂದರೆ ಕೊಡು. 'ಮೆ' ಎಂದರೆ ನನಗೆ. 'ಲೊ' ಎಂದರೆ ಅದನ್ನು. ಮೂರೂ ಸೇರಿದರೆ ದಾಮೆಲೊ: ಅದನ್ನು ನನಗೆ ಕೊಡು. ಕ್ರಿಯಾಪದ ಮುಂದೆ, ಸರ್ವನಾಮಗಳು ಬಾಲದಂತೆ ಹಿಂದೆ. ನಡುವೆ ಜಾಗ ಬಿಡದೆ ಒಟ್ಟಿಗೆ ಬರೆಯುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಕನ್ನಡದಲ್ಲಿ ಬರೆದಿದ್ದೇನೆ. ದೀರ್ಘವಾಗಿ ಬರೆದಿರುವ ಸ್ವರ ಒತ್ತು ಬೀಳುವ ಜಾಗ. ಸ್ಪ್ಯಾನಿಷ್‌ನಲ್ಲಿ ನಮ್ಮಂತೆ ಹ್ರಸ್ವ-ದೀರ್ಘ ಭೇದವಿಲ್ಲ, ಒತ್ತಿನ ಭೇದವಿದೆ. ಈ ಒತ್ತಿನ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ಅರ್ಧದಷ್ಟು ತಪ್ಪುಗಳು ಅಲ್ಲೇ ಆಗುತ್ತವೆ.

ನಮ್ಮಲ್ಲಿ ಸ್ಪ್ಯಾನಿಷ್ ಕಲಿಯುವವರಲ್ಲಿ ಹೆಚ್ಚಿನವರು ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಆ್ಯಪ್‌ಗಳ ಮೂಲಕ ಕಲಿಯುತ್ತಾರೆ. ಈ ಒಂದು ಪಾಠದ ಮಟ್ಟಿಗಾದರೂ ಇಂಗ್ಲಿಷನ್ನು ಪಕ್ಕಕ್ಕಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಇಂಗ್ಲಿಷ್‌ನಲ್ಲಿ 'ಕೊಡು' ಮೊದಲು, ಆಮೇಲೆ 'ಅದನ್ನು', ಕೊನೆಗೆ 'ನನಗೆ'. ಸ್ಪ್ಯಾನಿಷ್‌ನ ಬಾಲದಲ್ಲಿ ಕ್ರಮ ಇದಕ್ಕೆ ತದ್ವಿರುದ್ಧ: ಮೊದಲು 'ನನಗೆ', ಆಮೇಲೆ 'ಅದನ್ನು'. ಕನ್ನಡದಲ್ಲಿ 'ನನಗೆ ಅದನ್ನು ಕೊಡು' ಎನ್ನುವುದಕ್ಕಿಂತ ಸಹಜವಾದದ್ದು ಯಾವುದಿದೆ? ಶಾಲೆಯಲ್ಲಿ ಕಲಿತ ವಿಭಕ್ತಿಗಳನ್ನು ನೆನಪಿಸಿಕೊಳ್ಳಿ. 'ಗೆ' ಚತುರ್ಥಿ, 'ಅನ್ನು' ದ್ವಿತೀಯಾ. ಸ್ಪ್ಯಾನಿಷ್ ಬಾಲದಲ್ಲಿ ಚತುರ್ಥಿ ಮುಂಚೆ, ದ್ವಿತೀಯಾ ಅದರ ಹಿಂದೆ. ದಾ-ಮೆ-ಲೊ, ಕೊಡು-ನನಗೆ-ಅದನ್ನು. ಕ್ರಿಯಾಪದ ಬಾಲಕ್ಕೆ ಬದಲು ತಲೆಯ ಕಡೆ ಬಂದಿದೆ ಅಷ್ಟೇ.

ಇನ್ನೂ ಸಂತೋಷದ ಸಂಗತಿಯೆಂದರೆ, ಸಾಮಾನ್ಯ ಹೇಳಿಕೆಯ ವಾಕ್ಯದಲ್ಲಿ ಕ್ರಿಯಾಪದವೂ ನಮ್ಮದೇ ಜಾಗಕ್ಕೆ ಬಂದು ಕೂರುತ್ತದೆ. 'ತೂ ಮೆ ಲೊ ದಾಸ್': ನೀನು ನನಗೆ ಅದನ್ನು ಕೊಡುತ್ತೀಯೆ. ಪದಕ್ಕೆ ಪದ, ಕ್ರಮಕ್ಕೆ ಕ್ರಮ ಒಂದೇ. ಯುರೋಪಿನ ಭಾಷೆಯೊಂದು ಕನ್ನಡದ ಪದಕ್ರಮದಲ್ಲಿ ಮಾತನಾಡುವುದನ್ನು ಮೊದಲ ಸಲ ಗಮನಿಸಿದಾಗ ನನಗಾದ ಖುಷಿಯನ್ನು ಈಗಲೂ ಮರೆತಿಲ್ಲ.

ಹಾಗಾದರೆ ಸರ್ವನಾಮ ಯಾವಾಗ ಮುಂದೆ, ಯಾವಾಗ ಹಿಂದೆ? ಕಾಲ ಮತ್ತು ಪುರುಷಕ್ಕೆ ತಕ್ಕಂತೆ ರೂಪ ತಳೆದ ಕ್ರಿಯಾಪದವಿದ್ದರೆ ಸರ್ವನಾಮ ಅದರ ಮುಂದೆ, ಬಿಡಿಯಾಗಿ ಬರುತ್ತದೆ: 'ತೆ ಲೊ ದೋಯ್', ನಿನಗೆ ಅದನ್ನು ಕೊಡುತ್ತೇನೆ. ಬಾಲವಾಗಿ ಅಂಟಿಕೊಳ್ಳುವುದು ಮೂರು ಕಡೆ ಮಾತ್ರ. ಮಾಡು, ಕೊಡು, ಹೇಳು ಎಂಬ ವಿಧ್ಯರ್ಥದಲ್ಲಿ. ಕೊಡಲು, ಹೇಳಲು ಎಂಬಂತಹ ಮೂಲ ರೂಪದಲ್ಲಿ. ಸ್ಪ್ಯಾನಿಷ್‌ನಲ್ಲಿ ಇದು 'ರ್' ಅಕ್ಷರದಿಂದ ಮುಗಿಯುತ್ತದೆ, ಹೇಳಲು ಎಂಬುದಕ್ಕೆ 'ದೆಸೀರ್'. ಮತ್ತು ಹೇಳುತ್ತಾ, ತಿನ್ನುತ್ತಾ ಎಂಬ ರೂಪದಲ್ಲಿ. ಇದು 'ಂದೊ' ಎಂದು ಮುಗಿಯುತ್ತದೆ, ತಿನ್ನುತ್ತಾ ಎಂಬುದಕ್ಕೆ 'ಕೊಮ್ಯೇಂದೊ'. ಹಾಗಾಗಿ ದೀಮೆಲೊ ಎಂದರೆ ಅದನ್ನು ನನಗೆ ಹೇಳು, ದೆಸೀರ್ಮೆಲೊ ಎಂದರೆ ಅದನ್ನು ನನಗೆ ಹೇಳಲು, ದಿಸ್ಯೇಂದೊಮೆಲೊ ಎಂದರೆ ಅದನ್ನು ನನಗೆ ಹೇಳುತ್ತಾ.

ಇಲ್ಲಿ ಒಂದು ವಿಚಿತ್ರವಿದೆ. ಕೊಡು ಎಂದರೆ ಬಾಲ ಬರುತ್ತದೆ, ಕೊಡಬೇಡ ಎಂದರೆ ಬಾಲ ಕಳಚಿ ಮುಂದಕ್ಕೆ ಓಡುತ್ತದೆ. ದಾಮೆಲೊ, ಆದರೆ 'ನೊ ಮೆ ಲೊ ದೇಸ್'. ಯಾಕೆ ಹೀಗೆ ಎಂದು ಕೇಳಿದರೆ ಬಹಳಷ್ಟು ಪುಸ್ತಕಗಳು 'ನಿಯಮ ಹಾಗಿದೆ' ಎಂದು ಸುಮ್ಮನಾಗುತ್ತವೆ. ಕಾರಣ ಭಾಷೆಯ ಚರಿತ್ರೆಯಲ್ಲಿದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಈ ಪುಟ್ಟ ಸರ್ವನಾಮಗಳು ವಾಕ್ಯದ ಮೊದಲ ಪದವಾಗಿ ಬರುವಂತಿರಲಿಲ್ಲ. ಅವಕ್ಕೆ ಸ್ವಂತ ಒತ್ತಿಲ್ಲ. ಒರಗಿಕೊಳ್ಳಲು ಎಡಗಡೆ ಯಾವುದಾದರೊಂದು ಪದ ಬೇಕು. ವಾಕ್ಯ ಕ್ರಿಯಾಪದದಿಂದಲೇ ಶುರುವಾದರೆ ಸರ್ವನಾಮ ಅದರ ಹಿಂದೆ ಸರಿಯಬೇಕಾಗುತ್ತಿತ್ತು. 'ಕೊಡು' ಎಂಬ ಆಜ್ಞೆ ಸಾಮಾನ್ಯವಾಗಿ ವಾಕ್ಯದ ತಲೆಯಲ್ಲೇ ಇರುತ್ತದೆ, ಆದ್ದರಿಂದ ಬಾಲ. 'ಬೇಡ' ಎನ್ನುವಾಗ 'ನೊ' ಎಂಬ ಪದ ಮುಂದೆ ಬಂದು ಆಸರೆ ಕೊಡುತ್ತದೆ, ಆದ್ದರಿಂದ ಸರ್ವನಾಮ ಅದರ ಪಕ್ಕದಲ್ಲೇ ನಿಂತುಬಿಡುತ್ತದೆ. ಕಾಲ ಕಳೆದಂತೆ ಆ ಹಳೆಯ ನಿಯಮ ಸಡಿಲವಾಗಿ, ಇವತ್ತು 'ಮೆ ಲೊ ದಾಸ್' ಎಂದು ಸರ್ವನಾಮದಿಂದಲೇ ವಾಕ್ಯ ಆರಂಭಿಸಬಹುದು. ಆಜ್ಞೆಯಲ್ಲಿ ಮಾತ್ರ ಹಳೆಯ ಅಭ್ಯಾಸ ಗಟ್ಟಿಯಾಗಿ ಉಳಿದುಕೊಂಡಿದೆ. ಅಜ್ಜಿಕತೆಯ ಆರಂಭದಲ್ಲೂ ಉಳಿದಿದೆ: ನಮ್ಮ 'ಒಂದಾನೊಂದು ಕಾಲದಲ್ಲಿ' ಎಂಬುದಕ್ಕೆ ಸ್ಪ್ಯಾನಿಷ್ ಮಕ್ಕಳು ಕೇಳುವುದು 'ಏರಸೆ ಊನ ಬೇಸ್'. ಆ 'ಏರಸೆ'ಯ 'ಸೆ' ಹಳೆಯ ಕಾಲದ ಬಾಲ.

ಇನ್ನು ಎರಡು ಕ್ರಿಯೆಗಳು ಜೊತೆಗಿದ್ದರೆ? ಅದನ್ನು ಕೊಳ್ಳಬೇಕೆಂದಿದ್ದೇನೆ ಎನ್ನಲು 'ಕ್ಯೇರೊ ಕೊಂಪ್ರಾರ್ಲೊ' ಎನ್ನಬಹುದು, 'ಲೊ ಕ್ಯೇರೊ ಕೊಂಪ್ರಾರ್' ಎಂದೂ ಎನ್ನಬಹುದು. ಅರ್ಥ ಒಂದೇ. ಮಾತಿನಲ್ಲಿ ಎರಡನೆಯದು ಹೆಚ್ಚು ಕೇಳುತ್ತದೆ, ಬರಹದಲ್ಲಿ ಮೊದಲನೆಯದರ ಕಡೆಗೆ ಒಲವು. ಆದರೆ ಎರಡು ಸರ್ವನಾಮಗಳಿದ್ದಾಗ ಅವುಗಳನ್ನು ಬೇರೆ ಮಾಡುವಂತಿಲ್ಲ. ಒಂದನ್ನು ಮುಂದಿಟ್ಟು ಇನ್ನೊಂದನ್ನು ಬಾಲಕ್ಕೆ ಅಂಟಿಸಿದರೆ ಯಾವ ಸ್ಪ್ಯಾನಿಷ್ ಕಿವಿಯೂ ಒಪ್ಪುವುದಿಲ್ಲ. ಹೋದರೆ ಎರಡೂ ಒಟ್ಟಿಗೇ ಮುಂದಕ್ಕೆ ಹೋಗಬೇಕು. ಈ ಮುಂದಕ್ಕೆ ಹೋಗುವ ಸ್ವಾತಂತ್ರ್ಯ ಎಲ್ಲ ಜೋಡಿಗಳಿಗೂ ಇಲ್ಲ. ಮಾಡಲೇಬೇಕು ಎಂಬ ಅರ್ಥದ 'ಆಯ್ ಕೆ' ಬಂದಾಗ 'ಆಯ್ ಕೆ ಅಸೇರ್ಲೊ' ಎಂದು ಬಾಲಕ್ಕೇ ಹಚ್ಚಬೇಕು. ಹಾಗಾಗಿ ಅನುಮಾನ ಬಂದಾಗಲೆಲ್ಲ 'ರ್' ರೂಪದ ಬಾಲಕ್ಕೆ ಅಂಟಿಸಿ ಎನ್ನುವುದು ನನ್ನ ಸಲಹೆ, ಅದು ತಪ್ಪಾಗುವುದಿಲ್ಲ. ಒಂದು ರೂಪಕ್ಕೆ ಮಾತ್ರ ಬಾಲವೇ ಬೆಳೆಯದು: 'ತಿಂದಿದ್ದೇನೆ' ಎಂಬುದರ 'ತಿಂದ' ಎಂಬ ಭಾಗಕ್ಕೆ. ಅದನ್ನು ತಿಂದಿದ್ದೇನೆ ಎನ್ನಲು 'ಲೊ ಏ ಕೊಮೀದೊ' ಎಂದು ಮುಂದೆಯೇ ಇಡಬೇಕು.

ಈಗ ಎಲ್ಲರನ್ನೂ ಕಾಡುವ 'ಸೆ'.

ಅವನಿಗೆ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ 'ಲೆ'. ಅವನಿಗೆ ಹೇಳು ಎಂದರೆ 'ದೀಲೆ'. ಹಾಗಾದರೆ 'ಅವನಿಗೆ ಅದನ್ನು ಹೇಳು' ಎಂಬುದು 'ದೀಲೆಲೊ' ಆಗಬೇಕಿತ್ತು. ಆಗುವುದಿಲ್ಲ. 'ದೀಸೆಲೊ' ಆಗುತ್ತದೆ. 'ಲೆ'ಯ ಹಿಂದೆ ಲಕಾರದ ಇನ್ನೊಂದು ಸರ್ವನಾಮ ಬಂದರೆ 'ಲೆ' ಹೋಗಿ 'ಸೆ' ಬರುತ್ತದೆ. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬರುವುದನ್ನು ನಮ್ಮ ವ್ಯಾಕರಣ ಆದೇಶ ಎನ್ನುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಂತೆ. ನೆನಪಿಟ್ಟುಕೊಳ್ಳಲು ಈ ಹೋಲಿಕೆ ಸಾಕು, ಆದರೆ ನಿಜವಾದ ಕತೆ ಇನ್ನೂ ಸ್ವಾರಸ್ಯವಾಗಿದೆ. ಲ್ಯಾಟಿನ್‌ನಲ್ಲಿ ಅವನಿಗೆ ಎಂಬುದು 'ಇಲ್ಲೀ', ಅದನ್ನು ಎಂಬುದು 'ಇಲ್ಲುಂ'. ಇವೆರಡೂ ಜೊತೆಯಾಗಿ ಸವೆದು ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ 'ಜೆಲೊ' ಎಂದಾಯಿತು. ಆ 'ಜ' ನಮ್ಮ ಜಕಾರದಂತಲ್ಲ, ಜ ಮತ್ತು ಶಗಳ ನಡುವಿನ ಮೃದುವಾದ ಧ್ವನಿ. ಮಧ್ಯಯುಗ ಮುಗಿಯುವ ಹೊತ್ತಿಗೆ ಆ ಧ್ವನಿ ಶಕಾರದ ಕಡೆಗೆ ವಾಲಿತು. ಅಂದಿನ ಸ್ಪ್ಯಾನಿಷ್ ಸಕಾರವೂ ಅದಕ್ಕೆ ಹತ್ತಿರದಲ್ಲೇ ಕೇಳಿಸುತ್ತಿತ್ತು. ತನ್ನನ್ನು, ತನಗೆ ಎಂಬ ಅರ್ಥದ 'ಸೆ' ಆಗಲೇ ಭಾಷೆಯಲ್ಲಿ ಚಾಲ್ತಿಯಲ್ಲಿತ್ತು. ಜನ 'ಜೆಲೊ'ವನ್ನು 'ಸೆ ಲೊ' ಎಂದೇ ಕೇಳಿಸಿಕೊಂಡರು, ಹಾಗೆಯೇ ಹೇಳತೊಡಗಿದರು, ಕೊನೆಗೆ ಅದೇ ಸರಿಯಾಯಿತು. ಅಂದರೆ ಈ 'ಸೆ' ನಿಜವಾಗಿ ಬೇರೆ ವೇಷ ತೊಟ್ಟ 'ಅವನಿಗೆ'.

ಈ ವೇಷಾಂತರಕ್ಕೆ ಭಾಷೆ ಒಂದು ಬೆಲೆ ತೆತ್ತಿದೆ. 'ಲೆ' ಎಂದರೆ ಒಬ್ಬರಿಗೆ, 'ಲೆಸ್' ಎಂದರೆ ಹಲವರಿಗೆ ಎಂಬ ಭೇದವಿತ್ತು. 'ಸೆ' ಬಂದಾಗ ಅದು ಅಳಿಸಿಹೋಗುತ್ತದೆ. 'ದಾಸೆಲೊ' ಎಂದರೆ ಅವನಿಗೆ ಕೊಡು ಎಂದೂ ಆಗಬಹುದು, ಅವಳಿಗೆ ಎಂದೂ, ಅವರಿಗೆ ಎಂದೂ ಆಗಬಹುದು. ಅದಕ್ಕಾಗಿಯೇ ಬಾಲದಲ್ಲಿ 'ಸೆ' ಇದ್ದರೂ ಹಿಂದೆ ಮತ್ತೆ ಹೆಸರು ಹೇಳುತ್ತಾರೆ: 'ದಾಸೆಲೊ ಅ ತು ಎರ್ಮಾನೊ', ನಿನ್ನ ಅಣ್ಣನಿಗೋ ತಮ್ಮನಿಗೋ ಕೊಡು ಎಂದು. ಎರಡೆರಡು ಸಲ ಹೇಳಿದಂತಾಯಿತಲ್ಲ ಎಂದು ಹೊಸಬರಿಗೆ ಅನ್ನಿಸುತ್ತದೆ. ಸ್ಪ್ಯಾನಿಷ್‌ಗೆ ಅದೇ ಸಹಜ. ಲ್ಯಾಟಿನ್ ಅಮೆರಿಕದ ಜನ ಇನ್ನೊಂದು ದಾರಿಯನ್ನೂ ಕಂಡುಕೊಂಡಿದ್ದಾರೆ. ಒಂದೇ ವಿಷಯವನ್ನು ಹಲವರಿಗೆ ಹೇಳಿದೆ ಎನ್ನಲು 'ಸೆ ಲೊಸ್ ದೀಹೆ' ಎನ್ನುತ್ತಾರೆ. ಬಹುವಚನ ಸಲ್ಲಬೇಕಾದ್ದು 'ಅವರಿಗೆ' ಎಂಬುದಕ್ಕೆ, 'ಸೆ'ಗೆ ಅದನ್ನು ತೋರಿಸುವ ಶಕ್ತಿಯಿಲ್ಲ, ಆದ್ದರಿಂದ ಪಕ್ಕದ 'ಲೊ' ಆ ಹೊರೆಯನ್ನು ಹೊತ್ತುಕೊಳ್ಳುತ್ತದೆ. ಇದನ್ನು ತಪ್ಪೆಂದು ತಿದ್ದುವ ಮೇಷ್ಟರುಗಳಿದ್ದಾರೆ. ನನಗಂತೂ ಇದು ಜನರು ಭಾಷೆಯ ಬಿರುಕೊಂದನ್ನು ತಾವೇ ಮುಚ್ಚಿಕೊಂಡ ಜಾಣ್ಮೆಯಾಗಿ ಕಾಣುತ್ತದೆ.

ವಿಭಕ್ತಿಯ ಲೆಕ್ಕದಲ್ಲಿ ಕನ್ನಡ ನಮಗೆ ನೆರವಾಗುತ್ತದೆ ಎಂದೆ. ಕೆಲವೆಡೆ ದಾರಿ ತಪ್ಪಿಸುತ್ತದೆ, ಅದನ್ನೂ ಹೇಳಬೇಕು. ನಾವು 'ಅವನನ್ನು ಕೇಳು' ಎನ್ನುತ್ತೇವೆ, ದ್ವಿತೀಯಾ. ಸ್ಪ್ಯಾನಿಷ್‌ನಲ್ಲಿ ಅದು 'ಪ್ರೆಗೂಂತಲೆ', ಅವನಿಗೆ ಕೇಳು, ಚತುರ್ಥಿ. ನಾವು 'ಅವನಿಗೆ ಫೋನ್ ಮಾಡು' ಎನ್ನುತ್ತೇವೆ, ಅವರದು 'ಯಾಮಲೊ', ಅವನನ್ನು ಕರೆ. ನಾವು 'ಅವನಿಗಾಗಿ ಕಾಯಿ' ಎಂದರೆ ಅವರು 'ಎಸ್ಪೇರಲೊ' ಎನ್ನುತ್ತಾರೆ, ಅದೂ ದ್ವಿತೀಯೆಯೇ. ಈ ಮೂರನ್ನು ಬೇರೆಯಾಗಿ ಬರೆದಿಟ್ಟುಕೊಂಡರೆ ಒಳ್ಳೆಯದು. ಇದರ ಮೇಲೆ ಸ್ಪೇನ್ ದೇಶದ ಬಹುಭಾಗದಲ್ಲಿ ಗಂಡಸೊಬ್ಬನನ್ನು ಕುರಿತು ಹೇಳುವಾಗ 'ಲೊ' ಬದಲು 'ಲೆ' ಬಳಸುವ ರೂಢಿಯಿದೆ. ಅಲ್ಲಿ 'ಯಾಮಲೆ' ಎಂದು ಕೇಳಿದರೆ ಗಾಬರಿಯಾಗಬೇಕಿಲ್ಲ. ಏಕವಚನದ ಮಟ್ಟಿಗೆ, ಭಾಷೆಯ ಸರಿ-ತಪ್ಪುಗಳನ್ನು ಹೇಳುವ ಸಂಸ್ಥೆಯಾದ ಸ್ಪ್ಯಾನಿಷ್ ಅಕಾಡೆಮಿಯೂ ಅದನ್ನು ಒಪ್ಪಿದೆ.

ಲಿಂಗವೂ ಒಂದು ತೊಡಕು. ನಮಗೆ ಪುಸ್ತಕವೂ 'ಅದು', ಕಾಗದವೂ 'ಅದು'. ಸ್ಪ್ಯಾನಿಷ್‌ನಲ್ಲಿ ಪುಸ್ತಕ ಪುಲ್ಲಿಂಗ, ಹಾಗಾಗಿ ದಾಮೆಲೊ. ಕಾಗದ ಬರೆದು ಕಳಿಸುವ 'ಕಾರ್ತ' ಸ್ತ್ರೀಲಿಂಗ, ಹಾಗಾಗಿ ದಾಮೆಲ. ಇದಕ್ಕೆ ಒಳದಾರಿಯಿಲ್ಲ, ನಾಮಪದವನ್ನು ಕಲಿಯುವಾಗಲೇ ಲಿಂಗವನ್ನೂ ಕಲಿಯಬೇಕು.

ಕನ್ನಡ ನಿಜವಾಗಿಯೂ ಬೆಳಕು ಚೆಲ್ಲುವ ಜಾಗ ಇನ್ನೊಂದಿದೆ. ಕ್ರಿಯೆ ಮಾಡಿದವನಿಗೇ ತಿರುಗಿ ಬರುವಾಗ ಸ್ಪ್ಯಾನಿಷ್ 'ಮೆ, ತೆ, ಸೆ'ಗಳನ್ನು ಬಾಲಕ್ಕೆ ಹಚ್ಚುತ್ತದೆ. ಕೈ ತೊಳೆದುಕೋ ಎನ್ನಲು 'ಲಾಬತೆ ಲಸ್ ಮಾನೊಸ್'. ಆ 'ತೆ'ಯನ್ನು ಇಂಗ್ಲಿಷ್ ಮೂಲಕ ಅರ್ಥ ಮಾಡಿಕೊಳ್ಳಲು ಹೊರಟರೆ 'ನಿನ್ನನ್ನು ನೀನೇ' ಎಂದು ಏನೇನೋ ಸುತ್ತಬೇಕಾಗುತ್ತದೆ. ಕನ್ನಡದಲ್ಲಿ ಅದು ಸರಳವಾಗಿ 'ಕೊಳ್ಳು'. ತೊಳೆ, ತೊಳೆದುಕೋ. ಲಾಬ, ಲಾಬತೆ. ಇನ್ನೂ ಮುಂದೆ ಹೋಗಿ ನೋಡಿ. ತಿನ್ನು ಎಂಬುದು 'ಕೋಮೆ'. 'ಕೋಮೆತೆಲೊ' ಎಂದರೆ ಪೂರ್ತಿಯಾಗಿ ತಿಂದುಬಿಡು. ಹೋಗು ಎಂಬುದು 'ಬೇ'. 'ಬೇತೆ' ಎಂದರೆ ಹೊರಟುಹೋಗು. ಇಲ್ಲಿ 'ತೆ' ಮಾಡುತ್ತಿರುವ ಕೆಲಸ ನಮ್ಮ 'ಬಿಡು', 'ಹೋಗು' ಎಂಬ ಸಹಾಯಕ ಕ್ರಿಯೆಗಳದ್ದು: ಕ್ರಿಯೆಗೆ ಮುಕ್ತಾಯದ ಬಣ್ಣ ಕೊಡುವುದು. ತಿನ್ನು ಮತ್ತು ತಿಂದುಬಿಡು ನಡುವಿನ ವ್ಯತ್ಯಾಸವನ್ನು ಕನ್ನಡಿಗರಿಗೆ ಯಾರೂ ವಿವರಿಸಬೇಕಿಲ್ಲ. ನಾವು ಹುಟ್ಟಿನಿಂದ ಬಲ್ಲ ಸೂಕ್ಷ್ಮ ಅದು.

ಈಗ ಒತ್ತು. ಬಾಲ ಎಷ್ಟೇ ಉದ್ದವಾಗಲಿ, ಕ್ರಿಯಾಪದದ ಒತ್ತು ತನ್ನ ಜಾಗ ಬಿಟ್ಟು ಕದಲುವುದಿಲ್ಲ. 'ಕೋಂಪ್ರ' ಎಂದರೆ ಕೊಂಡುಕೋ, ಒತ್ತು 'ಕೋ' ಮೇಲೆ. 'ಕೋಂಪ್ರಮೆಲೊ' ಎಂದಾಗಲೂ ಒತ್ತು ಅಲ್ಲೇ, ಹಿಂದಿನ ಮೂರು ಅಕ್ಷರಗಳು ಹಗುರವಾಗಿ ಜಾರಿಹೋಗುತ್ತವೆ. ಸ್ವರ, ನಕಾರ, ಸಕಾರಗಳಿಂದ ಮುಗಿಯುವ ಪದಗಳಲ್ಲಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಒತ್ತು ಬೀಳುವುದು ಸ್ಪ್ಯಾನಿಷ್‌ನ ಸಾಮಾನ್ಯ ನಡೆ; ಆಗ ಬರಹದಲ್ಲಿ ಗುರುತು ಬೇಕಿಲ್ಲ. ಬಾಲ ಬೆಳೆದಾಗ ಒತ್ತು ಕೊನೆಯಿಂದ ಮೂರನೆಯದೋ ನಾಲ್ಕನೆಯದೋ ಆಗಿಬಿಡುವುದರಿಂದ ಅಕ್ಷರದ ತಲೆಯ ಮೇಲೆ ಓರೆಗೆರೆ ಹಾಕಲೇಬೇಕು. ಹಾಗಾಗಿ ದಾಮೆಗೆ ಗೆರೆ ಇಲ್ಲ, ದಾಮೆಲೊಗೆ ಇದೆ. ಹಳೆಯ ಮುದ್ರಣಗಳಲ್ಲಿ ನನಗೆ ಕೊಡಿ ಎಂಬ ಅರ್ಥದ 'ದೇಮೆ'ಗೂ ಗೆರೆ ಕಾಣುತ್ತದೆ. ಬಾಲವಿಲ್ಲದ 'ದೇ'ಗೆ ಗೆರೆಯಿರುವುದರಿಂದ ಅದನ್ನು ಉಳಿಸಿಕೊಳ್ಳುತ್ತಿದ್ದರು. 1999ರಲ್ಲಿ ಅಕಾಡೆಮಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಅದಕ್ಕೆ ಮುಂಚಿನ ಪುಸ್ತಕ ಓದುವವರು ಗೊಂದಲಕ್ಕೆ ಬೀಳಬಾರದೆಂದು ಹೇಳಿದೆ. ಅರ್ಜೆಂಟೀನಾದ ಆಡುಮಾತಿನಲ್ಲಿ ಮಾತ್ರ ಒತ್ತು ಕೆಲವೊಮ್ಮೆ ಬಾಲದ ತುದಿಗೇ ಹಾರುತ್ತದೆ, ದಾಮೆಲೊ ಎಂಬುದು 'ದಮೆಲೋ' ಎಂದು ಕೇಳಿಸುತ್ತದೆ. ಕೇಳಲು ಚೆನ್ನ, ಕಲಿಯುವ ಹಂತದಲ್ಲಿ ಅನುಕರಿಸುವುದು ಬೇಡ.

ಬಾಲ ಸೇರುವ ಕಡೆ ಕೆಲವು ಅಕ್ಷರಗಳು ಬಿದ್ದುಹೋಗುತ್ತವೆ. ನಮಗೆ ಇದು ಹೊಸದಲ್ಲ, ಊರು ಊರು ಸೇರಿ ಊರೂರು ಆಗುವ ಲೋಪಸಂಧಿ ಇದ್ದೇ ಇದೆ. 'ಬಾಮೊಸ್' ಮತ್ತು 'ನೊಸ್' ಸೇರಿದರೆ ನಡುವಿನ ಸಕಾರ ಬಿದ್ದು 'ಬಾಮೊನೊಸ್', ಹೊರಡೋಣ. 'ದಿಗಾಮೊಸ್' ಹಿಂದೆ 'ಸೆ ಲೊ' ಬಂದರೆ ಎರಡು ಸಕಾರಗಳಲ್ಲಿ ಒಂದು ಹೋಗಿ 'ದಿಗಾಮೊಸೆಲೊ', ಅದನ್ನು ಅವನಿಗೆ ಹೇಳೋಣ. ಸ್ಪೇನ್‌ನಲ್ಲಿ ಹಲವರಿಗೆ ಸಲಿಗೆಯಿಂದ ಕುಳಿತುಕೊಳ್ಳಿ ಎನ್ನುವಾಗ 'ಸೆಂತಾದ್' ಎಂಬುದರ ದಕಾರ ಬಿದ್ದು 'ಸೆಂತಾ-ಒಸ್' ಆಗುತ್ತದೆ. ಹೋಗು ಎಂಬ ಒಂದು ಕ್ರಿಯಾಪದದಲ್ಲಿ ಮಾತ್ರ ದಕಾರ ಉಳಿದು 'ಈದೊಸ್' ಎಂದಾಗುತ್ತದೆ. ಆದರೆ ಜನ 'ಈದೊಸ್' ಎನ್ನುವುದು ಅಪರೂಪ, 'ಈರೊಸ್' ಎನ್ನುವವರೇ ಹೆಚ್ಚು. 2017ರಲ್ಲಿ ಅಕಾಡೆಮಿಯೇ ಮಣಿದು 'ಈರೊಸ್' ರೂಪವನ್ನೂ ಒಪ್ಪಿಕೊಂಡಿತು.

ಬಾಲ ಕ್ರಿಯಾಪದದೊಂದಿಗೆ ಎಷ್ಟು ಬೆಸೆದುಹೋಗಿದೆ ಎಂಬುದಕ್ಕೆ ಹಳ್ಳಿಗಾಡಿನ ಮಾತಿನಲ್ಲಿ ಒಂದು ಸಾಕ್ಷಿಯಿದೆ. ಕುಳಿತುಕೊಳ್ಳಿ ಎಂಬುದರ ಶಿಷ್ಟರೂಪ 'ಸ್ಯೇಂತೆನ್ಸೆ'. ನಡುವಿನ ನಕಾರ ಬಹುವಚನದ ಗುರುತು. ಆದರೆ ಸ್ಪೇನ್‌ನಲ್ಲೂ ಲ್ಯಾಟಿನ್ ಅಮೆರಿಕದಲ್ಲೂ ಎಷ್ಟೋ ಜನ 'ಸ್ಯೇಂತೆಸೆನ್' ಎನ್ನುತ್ತಾರೆ, ನನಗೆ ಕೊಡಿ ಎಂಬುದಕ್ಕೆ 'ದೇನ್ಮೆ' ಬದಲು 'ದೇಮೆನ್' ಎನ್ನುತ್ತಾರೆ. ಕ್ರಿಯಾಪದದ ಬಹುವಚನ ಪದದ ಕೊನೆಯಲ್ಲಿರಬೇಕೆಂದು ಅವರ ಕಿವಿ ಬಯಸುತ್ತದೆ, ಬಾಲವೂ ಅವರಿಗೆ ಅದೇ ಪದದ ಭಾಗ. ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ, ನಿಜ.

ಕೆಲವು ಬಾಲಗಳಂತೂ ಬೆಸೆದು ಬೆಸೆದು ನಾಮಪದಗಳೇ ಆಗಿಬಿಟ್ಟಿವೆ. ಇವು ನಿಘಂಟಿನಲ್ಲಿ ಸಿಗುತ್ತವೆ. ಸತ್ತವರ ಮನೆಯವರಿಗೆ ಹೇಳುವ ಸಂತಾಪಕ್ಕೆ 'ಪೇಸಮೆ' ಎಂದು ಹೆಸರು. ಬಿಡಿಸಿದರೆ 'ನನಗೆ ಭಾರವಾಗಿದೆ'. ಊಟದ ಹೊತ್ತಿನವರೆಗೆ ಹೊಟ್ಟೆ ತಡೆಯಲೆಂದು ತಿನ್ನುವ ಲಘು ತಿಂಡಿ 'ತೆಂತೆಂಪ್ಯೇ'; ಅದರೊಳಗಿರುವುದು 'ತೇಂತೆ ಎನ್ ಪ್ಯೇ', ಬೀಳದೆ ಕಾಲ ಮೇಲೆ ನಿಂತುಕೋ ಎಂಬ ಮಾತು. ಅವರಿವರ ಮಾತನ್ನು ಅತ್ತಿಂದಿತ್ತ ಸಾಗಿಸುವ ಚಾಡಿಕೋರನಿಗೆ 'ಕೊರ್ರೆಬೆಯ್‌ದೀಲೆ'. ಓಡು, ಹೋಗು, ಮತ್ತು ಅವನಿಗೆ ಹೇಳು. ಮೂರು ಆಜ್ಞೆ, ಒಂದು ಬಾಲ, ಒಬ್ಬ ಮನುಷ್ಯ.

ನಿಘಂಟಿನಲ್ಲಿ ಮಾತ್ರವಲ್ಲ, ಸ್ಪ್ಯಾನಿಷ್ ಕಾಗದದ ಮೇಲೇ ಜಾಗ ಸಿಗದ ಒಂದು ಬಾಲವೂ ಇದೆ. ಹೊರಗೆ ಬಾ, ಎದುರಿಗೆ ಹೋಗು ಎಂಬ ಅರ್ಥದ 'ಸಲೀರ್' ಕ್ರಿಯಾಪದದ ವಿಧ್ಯರ್ಥ 'ಸಾಲ್'. ಅವನಿಗೆ ಅಡ್ಡವಾಗಿ ಹೋಗಿ ನಿಲ್ಲು ಎನ್ನಲು ಇದಕ್ಕೆ 'ಲೆ' ಹಚ್ಚಬೇಕು. ಬಾಯಲ್ಲಿ ಹೇಳಬಹುದು. ಬರೆಯಲು ಹೊರಟರೆ ಎರಡು ಲಕಾರಗಳು ಪಕ್ಕಪಕ್ಕ ನಿಲ್ಲುತ್ತವೆ, ಮತ್ತು ಸ್ಪ್ಯಾನಿಷ್ ಲಿಪಿಯಲ್ಲಿ ಜೋಡಿ ಲಕಾರವೆಂದರೆ ಅದು ಯಕಾರದಂತಹ ಬೇರೆಯದೇ ಧ್ವನಿ. ಓದುವವರು 'ಸಾಯೆ' ಎಂದೇ ಓದುತ್ತಾರೆ. ಬಾಲವನ್ನು ಬಿಡಿಸಿ ಬರೆಯುವಂತಿಲ್ಲ, ನಡುವೆ ಅಡ್ಡಗೆರೆ ಹಾಕುವಂತಿಲ್ಲ. 1713ರಲ್ಲಿ ಹುಟ್ಟಿದ ಅಕಾಡೆಮಿಯ ಉತ್ತರವೂ ಇಷ್ಟೇ: ಈ ರೂಪವನ್ನು ಹೇಳಬಹುದು, ಸ್ಪ್ಯಾನಿಷ್ ಲಿಪಿಯಲ್ಲಿ ಬರೆಯಲಾಗದು. ಕನ್ನಡದಲ್ಲಾದರೆ ಲಕಾರಕ್ಕೆ ಲಕಾರದ ಒತ್ತು ಕೊಟ್ಟು ಬರೆದುಬಿಡಬಹುದು: ಸಾಲ್ಲೆ.